ಪೋಪರ ಮಾತು, ಮನಸ್ಸಾಕ್ಷಿಯ ಮಾತು

1870ರ ಜುಲೈ 18. ರೋಮ್ ನಗರದ ಸಂತ ಪೀಟರ್ ಮಹಾದೇವಾಲಯದ ಹೊರಗೆ ಗುಡುಗು, ಸಿಡಿಲು, ಧಾರಾಕಾರ ಮಳೆ. ಒಳಗೆ ಜಗತ್ತಿನ ಮೂಲೆಮೂಲೆಗಳಿಂದ ಬಂದ ಬಿಷಪ್‌ಗಳ ಹೆಸರುಗಳನ್ನು ಒಂದೊಂದಾಗಿ ಕೂಗಲಾಗುತ್ತಿತ್ತು. ಹೆಸರು ಬಂದವರು ಎದ್ದು ಲ್ಯಾಟಿನ್ ಭಾಷೆಯಲ್ಲಿ ‘ಪ್ಲಾಸೆಟ್’ ಎನ್ನುತ್ತಿದ್ದರು. ‘ನನಗೆ ಒಪ್ಪಿಗೆ’ ಎಂದು ಅದರ ಅರ್ಥ. ಎಣಿಕೆ ಮುಗಿದಾಗ ಒಪ್ಪಿಗೆ ಎಂದವರು 533 ಮಂದಿ, ಒಪ್ಪಿಗೆಯಿಲ್ಲ ಎಂದವರು ಇಬ್ಬರೇ. ಅಷ್ಟು ಹೊತ್ತಿಗೆ ಕತ್ತಲೆ ಎಷ್ಟು ದಟ್ಟವಾಗಿತ್ತೆಂದರೆ ಪೋಪ್ ಒಂಬತ್ತನೇ ಪಯಸ್ ನಿರ್ಣಯವನ್ನು ಓದಿ ಘೋಷಿಸಲು ಮೇಣದ ಬತ್ತಿ ತರಿಸಬೇಕಾಯಿತು. ಪೋಪರು ತಮ್ಮ ಪೀಠದ ಅಧಿಕಾರದಿಂದ ನೀಡುವ ಅಂತಿಮ ಬೋಧನೆ ತಪ್ಪಲಾರದು ಎಂಬುದೇ ಆ ನಿರ್ಣಯ.

ಅಂದಿನ ಸಿಡಿಲಿಗೂ ಎರಡು ವ್ಯಾಖ್ಯಾನಗಳು ಹುಟ್ಟಿದವು. ಸೀನಾಯ್ ಬೆಟ್ಟದ ಮೇಲೆ ಮೋಶೆಗೆ ದೇವರು ದಶಾಜ್ಞೆಗಳನ್ನು ಕೊಟ್ಟಾಗಲೂ ಹೀಗೆಯೇ ಗುಡುಗಿತ್ತು ಎಂದು ನಿರ್ಣಯದ ಪರವಾಗಿದ್ದವರು ಹೇಳಿದರು. ದೇವರ ಕೋಪಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ವಿರೋಧಿಗಳು ಕೇಳಿದರು.

ಪೋಪರು ಹೇಳಿದ್ದೆಲ್ಲವೂ ಕ್ಯಾಥೊಲಿಕರಿಗೆ ದೇವವಾಕ್ಯ, ಅಲ್ಲಿ ಸ್ವಂತ ವಿಚಾರಕ್ಕೆ ಜಾಗವೇ ಇಲ್ಲ ಎಂಬ ನಂಬಿಕೆ ಹೊರಗಿನವರಲ್ಲಿ ಮಾತ್ರವಲ್ಲ, ಅನೇಕ ಕ್ರೈಸ್ತರಲ್ಲೂ ಇದೆ. 1870ರ ನಿರ್ಣಯದ ಇತಿಹಾಸ ಬೇರೆಯದೇ ಕಥೆಯನ್ನು ಹೇಳುತ್ತದೆ. ವ್ಯಾಖ್ಯಾನದ ಬಾಗಿಲನ್ನು ಮುಚ್ಚಲೆಂದು ರಚಿಸಿದ ಆ ವಾಕ್ಯವನ್ನೇ ಮರುದಿನದಿಂದ ವ್ಯಾಖ್ಯಾನಿಸಬೇಕಾಯಿತು. ಅದನ್ನು ಎರಡು ಬಗೆಯಾಗಿ ಎದುರಿಸಿದ ಇಬ್ಬರು ವಿದ್ವಾಂಸರಲ್ಲಿ ಒಬ್ಬರು ಜರ್ಮನಿಯ ಇಗ್ನಾಜ್ ಫಾನ್ ಡೊಲಿಂಗರ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್. ಮೊದಲನೆಯವರು ಹುಟ್ಟಿದ್ದು 1799ರಲ್ಲಿ, ಎರಡನೆಯವರು 1801ರಲ್ಲಿ. ಇಬ್ಬರೂ ಪಾದ್ರಿಗಳು, ಇಬ್ಬರೂ ಇತಿಹಾಸ ಬಲ್ಲವರು, ಇಬ್ಬರೂ ತೀರಿಕೊಂಡದ್ದು 1890ರಲ್ಲಿ. ಆದರೆ ಒಬ್ಬರು ಬಹಿಷ್ಕೃತರಾಗಿ ಸತ್ತರು, ಇನ್ನೊಬ್ಬರು ಕಾರ್ಡಿನಲ್ ಆಗಿ ಸತ್ತು ಮುಂದೆ ಸಂತರೆನಿಸಿಕೊಂಡರು.

ಅಧಿಕಾರ ಬೆಳೆದು ಬಂದ ಬಗೆ

ಏಸುಕ್ರಿಸ್ತ ತನ್ನ ಶಿಷ್ಯ ಪೀಟರನಿಗೆ ಸ್ವರ್ಗರಾಜ್ಯದ ಬೀಗದ ಕೈಗಳನ್ನು ಕೊಟ್ಟನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಪೀಟರ್ ರೋಮಿನಲ್ಲಿ ಹುತಾತ್ಮನಾದನೆಂಬುದು ಪರಂಪರೆ. ಆದ್ದರಿಂದ ರೋಮಿನ ಬಿಷಪ್ ಪೀಟರನ ಉತ್ತರಾಧಿಕಾರಿ, ಅವನಿಗೆ ಇತರ ಬಿಷಪ್‌ಗಳಿಗಿಂತ ಹಿರಿಯ ಸ್ಥಾನವಿದೆ ಎಂಬುದು ಪೋಪ್ ಪದವಿಯ ಬುನಾದಿ. ಆದರೆ ಹಿರಿತನವೆಂದರೆ ಏನು, ಎಷ್ಟು ಎಂಬ ವಿಷಯದಲ್ಲಿ ಶತಮಾನಗಳ ಕಾಲ ಹಗ್ಗ ಜಗ್ಗಾಟ ನಡೆಯಿತು. ಮೊದಲ ಸಾವಿರ ವರ್ಷಗಳಲ್ಲಿ ದೊಡ್ಡ ವಿವಾದಗಳು ತೀರ್ಮಾನವಾದದ್ದು ಹೆಚ್ಚಾಗಿ ಬಿಷಪ್‌ಗಳ ಮಹಾಸಭೆಗಳಲ್ಲಿ.

1075ರಲ್ಲಿ ಪೋಪ್ ಏಳನೇ ಗ್ರೆಗರಿಯ ದಫ್ತರದಲ್ಲಿ 27 ಸೂತ್ರಗಳ ಪಟ್ಟಿಯೊಂದು ದಾಖಲಾಯಿತು. ರೋಮನ್ ಧರ್ಮಸಭೆ ಎಂದೂ ತಪ್ಪಿಲ್ಲ, ಮುಂದೆಯೂ ತಪ್ಪುವುದಿಲ್ಲ ಎಂಬುದು ಅದರಲ್ಲೊಂದು. ಚಕ್ರವರ್ತಿಗಳನ್ನು ಪದಚ್ಯುತಗೊಳಿಸುವ ಹಕ್ಕು ಪೋಪರಿಗಿದೆ ಎಂಬುದು ಇನ್ನೊಂದು. ಆದರೆ ಗಾಳಿ ಯಾವಾಗಲೂ ಒಂದೇ ದಿಕ್ಕಿಗೆ ಬೀಸಲಿಲ್ಲ. 15ನೇ ಶತಮಾನದ ಆರಂಭದಲ್ಲಿ ಏಕಕಾಲಕ್ಕೆ ಮೂವರು ತಾವೇ ಪೋಪ್ ಎಂದು ಹೇಳಿಕೊಳ್ಳುವ ಪರಿಸ್ಥಿತಿ ಬಂತು. ಆಗ ಸೇರಿದ ಕಾನ್‌ಸ್ಟನ್ಸ್ ಮಹಾಸಭೆ, ಪೋಪರೂ ಮಹಾಸಭೆಗೆ ವಿಧೇಯರಾಗಿರಬೇಕೆಂದು 1415ರಲ್ಲಿ ಸಾರಿ, 1417ರಲ್ಲಿ ಹೊಸ ಪೋಪರನ್ನು ಆರಿಸಿ ಒಡಕನ್ನು ಮುಗಿಸಿತು. 1682ರಲ್ಲಿ ಫ್ರಾನ್ಸಿನ ಧರ್ಮಗುರುಗಳು, ಪೋಪರ ತೀರ್ಪು ಧರ್ಮಸಭೆಯ ಸಮ್ಮತಿ ದೊರೆಯುವವರೆಗೆ ಅಂತಿಮವಲ್ಲ ಎಂದು ಘೋಷಿಸಿದರು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಪೋಪರು ತಪ್ಪಲಾರರು ಎಂಬ ವಾದವನ್ನು ಮೊದಲು ಎತ್ತಿದವರು ಪೋಪರಲ್ಲ, 13ನೇ ಶತಮಾನದ ಕೊನೆಯಲ್ಲಿ ಬಡತನದ ವ್ರತ ಹಿಡಿದಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಒಂದು ಪಂಗಡ ಎಂದು ಇತಿಹಾಸಕಾರ ಬ್ರಯನ್ ಟಿಯರ್ನಿ 1972ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಾದಿಸಿದರು. ಏಸು ಮತ್ತು ಅವನ ಶಿಷ್ಯರಿಗೆ ಸ್ವಂತ ಆಸ್ತಿಯೇ ಇರಲಿಲ್ಲವೆಂಬ ಈ ಸನ್ಯಾಸಿಗಳ ಬೋಧನೆಗೆ ಪೋಪ್ ಮೂರನೇ ನಿಕೋಲಸ್ 1279ರಲ್ಲಿ ಮನ್ನಣೆ ಕೊಟ್ಟಿದ್ದರು. ಮುಂದೆ ಬರುವ ಪೋಪರು ಅದನ್ನು ರದ್ದು ಮಾಡಬಾರದೆಂಬುದು ಸನ್ಯಾಸಿಗಳ ಕಾಳಜಿಯಾಗಿತ್ತು. ಪೋಪ್ ಇಪ್ಪತ್ತೆರಡನೇ ಜಾನ್ 1320ರ ದಶಕದಲ್ಲಿ ಈ ವಾದವನ್ನು ಸಿಟ್ಟಿನಿಂದ ತಳ್ಳಿಹಾಕಿದರು. ತಪ್ಪಲಾರದ ಮಾತು ಆಡಿದವರನ್ನೂ ಕಟ್ಟಿಹಾಕುತ್ತದೆ, ಅವರ ನಂತರ ಬರುವವರನ್ನೂ ಕಟ್ಟಿಹಾಕುತ್ತದೆ ಎಂಬುದು ಅವರಿಗೆ ಹೊಳೆದಿತ್ತೆಂದು ಟಿಯರ್ನಿಯವರ ಅಭಿಪ್ರಾಯ.

ರಾಜ್ಯ ಕಳೆದುಕೊಂಡ ಪೋಪ್

ಒಂಬತ್ತನೇ ಪಯಸ್ 1846ರಲ್ಲಿ ಪೀಠವೇರಿದಾಗ ಉದಾರವಾದಿಗಳು ಹಿಗ್ಗಿದ್ದರು. ಆಗ ಪೋಪರು ಧರ್ಮಗುರು ಮಾತ್ರವಲ್ಲ, ಮಧ್ಯ ಇಟಲಿಯ ದೊಡ್ಡ ಪ್ರದೇಶದ ದೊರೆಯೂ ಹೌದು. ಹೊಸ ಪೋಪರು ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿದರು, ಸುಧಾರಣೆಗೆ ಕೈಹಾಕಿದರು. ಆದರೆ 1848ರ ಕ್ರಾಂತಿಯಲ್ಲಿ ಅವರ ಮಂತ್ರಿ ಕೊಲೆಯಾದ. ಪೋಪರು ವೇಷ ಮರೆಸಿಕೊಂಡು ಗೇಟಾ ಪಟ್ಟಣಕ್ಕೆ ಓಡಬೇಕಾಯಿತು. ಎರಡು ವರ್ಷದ ನಂತರ ಫ್ರೆಂಚ್ ಸೈನ್ಯದ ರಕ್ಷಣೆಯಲ್ಲಿ ಹಿಂತಿರುಗಿದಾಗ ಅವರು ಬೇರೆಯೇ ಮನುಷ್ಯರಾಗಿದ್ದರು. 1860ರ ಹೊತ್ತಿಗೆ ಇಟಲಿಯ ಏಕೀಕರಣದ ಚಳವಳಿ ಅವರ ರಾಜ್ಯದ ಬಹುಭಾಗವನ್ನು ನುಂಗಿತು.

ಲೌಕಿಕ ಅಧಿಕಾರ ಕುಗ್ಗಿದಂತೆ ಧಾರ್ಮಿಕ ಅಧಿಕಾರದ ದನಿ ಏರತೊಡಗಿತು. 1864ರಲ್ಲಿ ಪಯಸ್ 80 ‘ತಪ್ಪು ಸಿದ್ಧಾಂತ’ಗಳ ಪಟ್ಟಿಯನ್ನು ಹೊರಡಿಸಿದರು. ಪೋಪರು ಪ್ರಗತಿ, ಉದಾರವಾದ ಮತ್ತು ಆಧುನಿಕ ನಾಗರಿಕತೆಯೊಂದಿಗೆ ರಾಜಿ ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು ಎಂಬುದೇ ಪಟ್ಟಿಯ ಕೊನೆಯ ‘ತಪ್ಪು’. ಯೂರೋಪಿನ ಕ್ಯಾಥೊಲಿಕರಿಗೆ ಇದು ನುಂಗಲಾರದ ತುತ್ತಾಯಿತು. ಆಗ ಫ್ರಾನ್ಸಿನ ಓರ್ಲಿಯನ್ಸ್ ನಗರದ ಬಿಷಪ್ ಡುಪಾನ್ಲೂ ಒಂದು ಕಿರುಪುಸ್ತಿಕೆ ಬರೆದರು. ಪಟ್ಟಿ ಹೇಳುವುದು ಆದರ್ಶ ಸಮಾಜದ ಮಾತು, ಇಂದಿನ ಸಮಾಜದಲ್ಲಿ ಕ್ಯಾಥೊಲಿಕರು ಸ್ವಾತಂತ್ರ್ಯಗಳನ್ನು ಒಪ್ಪಿ ಬಾಳಬಹುದು ಎಂಬುದು ಅದರ ಸಾರ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನೂರಾರು ಬಿಷಪ್‌ಗಳು ಡುಪಾನ್ಲೂ ಅವರಿಗೆ ಧನ್ಯವಾದ ಬರೆದರು. ಪೋಪರ ಮಾತನ್ನು ಬಿಡದೆಯೇ ಅದರ ಅರ್ಥವನ್ನು ಹದಗೊಳಿಸುವ ದಾರಿ ಹೀಗೆ ತೆರೆದುಕೊಂಡಿತು.

ಮಹಾಸಭೆಯ ಏಳು ತಿಂಗಳು

1869ರ ಡಿಸೆಂಬರ್ 8ರಂದು ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಸುಮಾರು 700 ಬಿಷಪ್‌ಗಳು ಸೇರಿದ್ದರು. ಪೋಪರ ಪ್ರಮಾದಾತೀತತೆಯನ್ನು, ಅಂದರೆ ತಪ್ಪಲಾರದ ಗುಣವನ್ನು, ವಿಶ್ವಾಸದ ಸತ್ಯವೆಂದು ಸಾರಬೇಕೆಂದು ಬಹುಮತದ ಬಿಷಪ್‌ಗಳು ಪಟ್ಟು ಹಿಡಿದರು. ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಫ್ರಾನ್ಸ್ ಮತ್ತು ಅಮೆರಿಕದ ಅನೇಕ ಬಿಷಪ್‌ಗಳು ವಿರೋಧಿಸಿದರು. ಕೆಲವರಿಗೆ ಸಿದ್ಧಾಂತದ ಬಗ್ಗೆಯೇ ತಕರಾರು, ಹಲವರಿಗೆ ಇದು ಸಮಯವಲ್ಲ ಎಂಬ ಅಳುಕು.

ವಿರೋಧಿಗಳ ಬತ್ತಳಿಕೆಯಲ್ಲಿದ್ದ ದೊಡ್ಡ ಬಾಣ ಇತಿಹಾಸದ್ದು. 7ನೇ ಶತಮಾನದ ಪೋಪ್ ಹೊನೋರಿಯಸ್, ಕ್ರಿಸ್ತನ ಸಂಕಲ್ಪಶಕ್ತಿಯ ಕುರಿತು ಎದ್ದ ವಿವಾದದಲ್ಲಿ ತಪ್ಪು ಪಕ್ಷಕ್ಕೆ ಬೆಂಬಲ ಕೊಟ್ಟಂತೆ ಪತ್ರ ಬರೆದಿದ್ದರು. ಅವರು ಸತ್ತ 40ಕ್ಕೂ ಹೆಚ್ಚು ವರ್ಷಗಳ ನಂತರ, 680-81ರ ಮಹಾಸಭೆ ಅವರನ್ನು ಪಾಷಂಡಿಗಳ ಸಾಲಿನಲ್ಲಿ ಸೇರಿಸಿ ಖಂಡಿಸಿತ್ತು. ಒಬ್ಬ ಪೋಪ್ ತಪ್ಪಿದ್ದನ್ನು ಮಹಾಸಭೆಯೇ ಹೇಳಿದ ಮೇಲೆ ಪೋಪರು ತಪ್ಪಲಾರರು ಎನ್ನುವುದು ಹೇಗೆ ಎಂಬುದು ಪ್ರಶ್ನೆ. ಅದು ಖಾಸಗಿ ಪತ್ರ, ಇಡೀ ಧರ್ಮಸಭೆಗೆ ನೀಡಿದ ಬೋಧನೆಯಲ್ಲ ಎಂಬುದು ಉತ್ತರ. ಈ ಉತ್ತರವನ್ನು ಕೊಡುವುದಕ್ಕಾಗಿಯೇ ನಿರ್ಣಯವನ್ನು ಬಿಗಿಯಾದ ಷರತ್ತುಗಳಲ್ಲಿ ಕಟ್ಟಬೇಕಾಯಿತು.

ಜೂನ್ ತಿಂಗಳಲ್ಲಿ ಕಾರ್ಡಿನಲ್ ಗುಯಿಡಿ, ಪೋಪರು ಧರ್ಮಸಭೆಯ ಪರಂಪರೆಯನ್ನು ವಿಚಾರಿಸಿಯೇ ಬೋಧಿಸಬೇಕೆಂಬ ಮಾತನ್ನು ನಿರ್ಣಯದಲ್ಲಿ ಸೇರಿಸಲು ಸೂಚಿಸಿದರು. ಪಯಸ್ ಅವರನ್ನು ಕರೆಸಿ ‘ಪರಂಪರೆ ಎಂದರೆ ನಾನೇ’ ಎಂದು ಗದರಿದರೆಂದು ಅಂದಿನ ವೃತ್ತಾಂತಗಳು ಹೇಳುತ್ತವೆ. ಇನ್ನೊಂದು ಕಡೆ, ಸಮಿತಿಯ ಪರವಾಗಿ ಬಿಷಪ್ ಗಾಸರ್ ಜುಲೈ 11ರಂದು ಸುಮಾರು ನಾಲ್ಕು ಗಂಟೆ ಮಾತನಾಡಿ, ಇದು ಮಿತಿಯಿಲ್ಲದ ಅಧಿಕಾರವಲ್ಲ ಎಂದು ವಿವರಿಸಿದರು.

ಜುಲೈ 13ರ ಪ್ರಾಯೋಗಿಕ ಮತದಾನದಲ್ಲಿ 451 ಮಂದಿ ಒಪ್ಪಿಗೆ ಎಂದರು. 88 ಮಂದಿ ಒಪ್ಪಿಗೆಯಿಲ್ಲ ಎಂದರು. 62 ಮಂದಿ ತಿದ್ದುಪಡಿಯಾದರೆ ಒಪ್ಪಿಗೆ ಎಂದರು. ಕೊನೆಯ ಗಳಿಗೆಯಲ್ಲಿ ನಿರ್ಣಯ ಸಡಿಲವಾಗುವ ಬದಲು ಬಿಗಿಯಾಯಿತು. ಇಂಥ ಬೋಧನೆಗಳು ಬದಲಾಗದಿರುವುದು ಸ್ವತಃ ತಮ್ಮ ಬಲದಿಂದ, ಧರ್ಮಸಭೆಯ ಸಮ್ಮತಿಯಿಂದಲ್ಲ ಎಂಬ ಮಾತು ಸೇರಿತು. ಪೋಪರ ಎದುರಿಗೇ ಅವರಿಗೆ ವಿರುದ್ಧವಾಗಿ ಮತ ಹಾಕಲು ಮನಸ್ಸೊಪ್ಪದ 55 ಬಿಷಪ್‌ಗಳು ಪತ್ರ ಬರೆದಿಟ್ಟು ಊರಿಗೆ ಹೊರಟರು. 18ರಂದು ಉಳಿದದ್ದು ಎರಡೇ ವಿರೋಧ. ಒಬ್ಬರು ಇಟಲಿಯ ಕಯಾಜೋದ ಬಿಷಪ್ ರಿಚ್ಚಿಯೋ, ಇನ್ನೊಬ್ಬರು ಅಮೆರಿಕದ ಲಿಟ್ಲ್ ರಾಕ್‌ನ ಬಿಷಪ್ ಫಿಟ್ಸ್‌ಜೆರಾಲ್ಡ್. ಇಬ್ಬರೂ ಅಂದೇ ಶರಣಾದರು.

ಮರುದಿನವೇ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಘೋಷಣೆಯಾಯಿತು. ರೋಮನ್ನು ಕಾಯುತ್ತಿದ್ದ ಫ್ರೆಂಚ್ ಸೈನ್ಯ ಹಿಂದೆ ಸರಿಯಿತು. ಸೆಪ್ಟೆಂಬರ್ 20ರಂದು ಇಟಲಿಯ ಸೈನಿಕರು ಕೋಟೆಗೋಡೆ ಒಡೆದು ನಗರ ಹೊಕ್ಕರು. ಪೋಪರು ತಪ್ಪಲಾರರೆಂದು ಸಾರಿದ ಎರಡು ತಿಂಗಳಲ್ಲಿ ಅವರಿಗೆ ಆಳಲು ರಾಜ್ಯವೇ ಇಲ್ಲದಾಯಿತು. ಅಕ್ಟೋಬರ್‌ನಲ್ಲಿ ಮಹಾಸಭೆ ಅರ್ಧಕ್ಕೇ ನಿಂತಿತು. ಬಿಷಪ್‌ಗಳ ಅಧಿಕಾರದ ಬಗ್ಗೆ ನಡೆಯಬೇಕಿದ್ದ ಚರ್ಚೆ ನಡೆಯಲೇ ಇಲ್ಲ.

ಹಾಗಾದರೆ ನಿರ್ಣಯ ಹೇಳಿದ್ದೇನು? ಪೋಪರು ಎಲ್ಲ ಕ್ರೈಸ್ತರ ಕುರುಬನೂ ಗುರುವೂ ಆಗಿ ಮಾತನಾಡುತ್ತಿರಬೇಕು. ವಿಷಯ ವಿಶ್ವಾಸಕ್ಕೆ ಅಥವಾ ನೀತಿಗೆ ಸಂಬಂಧಿಸಿರಬೇಕು. ಇಡೀ ಧರ್ಮಸಭೆ ಇದನ್ನು ಒಪ್ಪತಕ್ಕದ್ದು ಎಂದು ಅವರು ವಿಧಿಸುತ್ತಿರಬೇಕು. ಇವೆಲ್ಲ ಕೂಡಿಬಂದಾಗ ಮಾತ್ರ ಆ ತೀರ್ಪು ತಪ್ಪಲಾರದು. ಪೋಪರ ನಡತೆ, ರಾಜಕೀಯ, ದಿನನಿತ್ಯದ ಪ್ರವಚನ, ವಿಜ್ಞಾನದ ಬಗೆಗಿನ ಅಭಿಪ್ರಾಯ ಇವಾವುದಕ್ಕೂ ಇದು ಅನ್ವಯಿಸುವುದಿಲ್ಲ. 1870ರ ನಂತರ ಈ ಷರತ್ತುಗಳೆಲ್ಲ ಸ್ಪಷ್ಟವಾಗಿ ಕೂಡಿದ್ದು ಒಂದೇ ಸಲ. ಮಾತೆ ಮರಿಯಳು ಸಶರೀರವಾಗಿ ಸ್ವರ್ಗಕ್ಕೇರಿದಳೆಂಬ ನಂಬಿಕೆಯನ್ನು ಹನ್ನೆರಡನೇ ಪಯಸ್ 1950ರ ನವೆಂಬರ್ 1ರಂದು ಹೀಗೆ ಘೋಷಿಸಿದರು.

ಒಪ್ಪದ ಇತಿಹಾಸಕಾರ

ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊಲಿಂಗರ್ ಜರ್ಮನ್ ಕ್ಯಾಥೊಲಿಕರ ಹೆಮ್ಮೆಯಾಗಿದ್ದವರು. ಮಹಾಸಭೆಗೆ ಮುಂಚೆ ‘ಜಾನಸ್’ ಎಂಬ ಗುಪ್ತನಾಮದಲ್ಲಿ ಪೋಪರ ಅಧಿಕಾರ ಬೆಳೆದು ಬಂದ ಬಗೆಯನ್ನು ಕಟುವಾಗಿ ವಿಮರ್ಶಿಸಿದರು. ಸಭೆ ನಡೆಯುತ್ತಿದ್ದಾಗ ‘ಕ್ವಿರಿನಸ್’ ಎಂಬ ಹೆಸರಿನಲ್ಲಿ ಪತ್ರಿಕೆಗೆ ವರದಿಗಳನ್ನು ಬರೆದರು. ರೋಮಿನಿಂದ ಅವರಿಗೆ ಸುದ್ದಿ ಕಳಿಸುತ್ತಿದ್ದವರಲ್ಲಿ ಪ್ರಮುಖರು ಅವರ ಶಿಷ್ಯ, ಇಂಗ್ಲೆಂಡಿನ ಲಾರ್ಡ್ ಆಕ್ಟನ್. ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ ಎಂಬ ಪ್ರಸಿದ್ಧ ಮಾತು ಈ ಆಕ್ಟನ್‌ರದೇ. 1887ರಲ್ಲಿ ಅವರು ಅದನ್ನು ಬರೆದದ್ದು ಹಿಂದಿನ ಕಾಲದ ಪೋಪರನ್ನು ಇತಿಹಾಸಕಾರರು ಹೇಗೆ ಅಳೆಯಬೇಕು ಎಂಬ ಚರ್ಚೆಯಲ್ಲಿ.

ಮಹಾಸಭೆ ಮುಗಿದ ಮೇಲೆ ವಿರೋಧಿ ಬಿಷಪ್‌ಗಳು ಒಬ್ಬೊಬ್ಬರಾಗಿ ನಿರ್ಣಯವನ್ನು ಒಪ್ಪಿದರು. ಹೊನೋರಿಯಸ್ ಪ್ರಕರಣವನ್ನು ಮುಂದಿಟ್ಟಿದ್ದ ರಾಟೆನ್‌ಬರ್ಗ್‌ನ ಬಿಷಪ್ ಹೆಫೆಲೆ ಕೂಡ 1871ರ ಏಪ್ರಿಲ್‌ನಲ್ಲಿ ತಲೆಬಾಗಿದರು. ಡೊಲಿಂಗರ್ ಬಾಗಲಿಲ್ಲ. 1871ರ ಮಾರ್ಚ್ 28ರಂದು ಆರ್ಚ್‌ಬಿಷಪ್ಪರಿಗೆ ಬರೆದ ಪತ್ರದಲ್ಲಿ, ಕ್ರೈಸ್ತನಾಗಿ, ದೈವಶಾಸ್ತ್ರಜ್ಞನಾಗಿ, ಇತಿಹಾಸಕಾರನಾಗಿ ಮತ್ತು ಪ್ರಜೆಯಾಗಿ ಈ ಸಿದ್ಧಾಂತವನ್ನು ತಾನು ಒಪ್ಪಲಾರೆ ಎಂದು ತಿಳಿಸಿದರು. ದಾಖಲೆಗಳು ಒಂದು ಹೇಳುವಾಗ ಆಜ್ಞೆಗೆ ಮಣಿದು ಇನ್ನೊಂದನ್ನು ನಿಜವೆನ್ನುವುದು ಅವರಿಗೆ ಸುಳ್ಳಾಡಿದಂತೆ ಕಂಡಿತು. ಏಪ್ರಿಲ್ 17ರಂದು ಬಹಿಷ್ಕಾರದ ಆಜ್ಞೆ ಬಂತು. ಆಗ ಅವರಿಗೆ 72 ವರ್ಷ.

ಅವರ ಮುಂದಿನ ನಡೆ ಗಮನಾರ್ಹ. ನಿರ್ಣಯವನ್ನು ಒಪ್ಪದವರು ಸೇರಿ ‘ಹಳೆಯ ಕ್ಯಾಥೊಲಿಕರು’ ಎಂಬ ಬೇರೆ ಸಭೆ ಕಟ್ಟಿಕೊಂಡರು. 1889ರಲ್ಲಿ ಯೂಟ್ರೆಕ್ಟ್ ಒಕ್ಕೂಟವಾಗಿ ಸಂಘಟಿತವಾದ ಈ ಪಂಥ ಇಂದಿಗೂ ಇದೆ. ಡೊಲಿಂಗರ್ ಅವರಿಗೆ ಸಲಹೆ ಕೊಟ್ಟರು, ಆದರೆ ಒಂದು ಬಲಿಪೀಠದ ಎದುರು ಇನ್ನೊಂದು ಬಲಿಪೀಠ ನಿಲ್ಲಿಸುವುದನ್ನು ಮೆಚ್ಚಲಿಲ್ಲ. ಬಹಿಷ್ಕಾರ ಅನ್ಯಾಯವೆಂದು ನಂಬಿದ್ದರೂ ಅದನ್ನು ಪಾಲಿಸಿ, ಪೂಜೆ ಅರ್ಪಿಸುವುದನ್ನು ನಿಲ್ಲಿಸಿದರು. ಸುಮಾರು 50 ವರ್ಷ ಪಾದ್ರಿಯಾಗಿದ್ದ ಮನುಷ್ಯ ಬದುಕಿನ ಕೊನೆಯ 19 ವರ್ಷಗಳನ್ನು ಬಲಿಪೀಠದಿಂದ ದೂರವಿದ್ದೇ ಕಳೆದರು. ಸಾಯುವ ಹೊತ್ತಿನಲ್ಲಿ ಅವರಿಗೆ ಅಂತ್ಯಸಂಸ್ಕಾರ ಕೊಟ್ಟವರು ಹಳೆಯ ಕ್ಯಾಥೊಲಿಕರ ಪಾದ್ರಿ.

ಒಳಗೇ ಉಳಿದ ವ್ಯಾಖ್ಯಾನಕಾರ

ನ್ಯೂಮನ್ ಹುಟ್ಟು ಕ್ಯಾಥೊಲಿಕರಲ್ಲ. ಆಕ್ಸ್‌ಫರ್ಡಿನ ಪ್ರಸಿದ್ಧ ಆಂಗ್ಲಿಕನ್ ಪಾದ್ರಿಯಾಗಿದ್ದ ಅವರು 1845ರಲ್ಲಿ ರೋಮನ್ ಸಭೆ ಸೇರಿದರು. ಅದಕ್ಕಾಗಿ ಸ್ನೇಹಿತರನ್ನೂ ವಿಶ್ವವಿದ್ಯಾಲಯವನ್ನೂ ತೊರೆದರು. ಅಷ್ಟಾದರೂ ಹೊಸ ಮನೆಯಲ್ಲಿ ಅವರ ಮೇಲೆ ಶಂಕೆ ತಪ್ಪಲಿಲ್ಲ. 1859ರಲ್ಲಿ ಬರೆದ ಲೇಖನವೊಂದರಲ್ಲಿ, 4ನೇ ಶತಮಾನದ ಏರಿಯನ್ ವಿವಾದದ ಕಾಲದಲ್ಲಿ ನಿಜವಾದ ವಿಶ್ವಾಸವನ್ನು ಕಾಪಾಡಿದವರು ಬಿಷಪ್‌ಗಳಿಗಿಂತ ಹೆಚ್ಚಾಗಿ ಸಾಮಾನ್ಯ ಭಕ್ತರು ಎಂದು ತೋರಿಸಿದರು. ಈ ಲೇಖನದ ಬಗ್ಗೆ ರೋಮಿಗೆ ದೂರು ಹೋಯಿತು.

ಪ್ರಮಾದಾತೀತತೆಯನ್ನು ನ್ಯೂಮನ್ ಸ್ವತಃ ನಂಬುತ್ತಿದ್ದರು. ಆದರೆ ಅದನ್ನು ಎಲ್ಲರ ಮೇಲೆ ಕಡ್ಡಾಯವಾಗಿ ಹೇರುವ ಅವಸರ ಅವರಿಗೆ ಹಿಡಿಸಲಿಲ್ಲ. 1870ರ ಆರಂಭದಲ್ಲಿ ತಮ್ಮ ಬಿಷಪ್ಪರಿಗೆ ಬರೆದ ಖಾಸಗಿ ಪತ್ರದಲ್ಲಿ ನಿರ್ಣಯಕ್ಕೆ ಒತ್ತಾಯಿಸುತ್ತಿದ್ದ ಗುಂಪನ್ನು ಕಟುವಾಗಿ ಟೀಕಿಸಿದ್ದರು. ಆ ಪತ್ರ ಸೋರಿ ಪತ್ರಿಕೆಗಳಲ್ಲಿ ಬಂತು. ನಿರ್ಣಯದ ಮಾತುಗಳನ್ನು ಓದಿದಾಗ ಮಾತ್ರ ಅವರಿಗೆ ಸಮಾಧಾನವಾಯಿತು. ತೀವ್ರವಾದಿಗಳು ಬಯಸಿದ್ದಕ್ಕಿಂತ ಅದು ಬಹಳ ಸಂಯಮದ್ದಾಗಿತ್ತು.

ಅವರು ಬಹಿರಂಗವಾಗಿ ಮಾತನಾಡುವ ಸಂದರ್ಭ ಒದಗಿಸಿದವರು ಗ್ಲ್ಯಾಡ್‌ಸ್ಟನ್. ಬ್ರಿಟನ್ನಿನ ಪ್ರಧಾನಿಯಾಗಿದ್ದ ಅವರು ತಂದ ಐರಿಷ್ ವಿಶ್ವವಿದ್ಯಾಲಯ ಮಸೂದೆ, ಐರ್ಲೆಂಡಿನ ಕ್ಯಾಥೊಲಿಕ್ ಬಿಷಪ್‌ಗಳ ವಿರೋಧದ ನಡುವೆ 1873ರಲ್ಲಿ ಬಿದ್ದುಹೋಗಿತ್ತು. ಮುಂದಿನ ವರ್ಷ ಚುನಾವಣೆಯಲ್ಲೂ ಸೋತರು. 1874ರ ನವೆಂಬರ್‌ನಲ್ಲಿ ಅವರು ಪ್ರಕಟಿಸಿದ ಪುಸ್ತಿಕೆ, ವ್ಯಾಟಿಕನ್ ನಿರ್ಣಯದ ನಂತರ ಕ್ಯಾಥೊಲಿಕನೊಬ್ಬ ತನ್ನ ಬುದ್ಧಿಯನ್ನೂ ರಾಜನಿಷ್ಠೆಯನ್ನೂ ಪೋಪರ ಕೈಗೆ ಒಪ್ಪಿಸಿದಂತೆಯೇ ಎಂದು ಆರೋಪಿಸಿತು. ಕೆಲವೇ ವಾರಗಳಲ್ಲಿ ಅದರ ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಇಂಗ್ಲೆಂಡಿನ ಕ್ಯಾಥೊಲಿಕರು ಪೂರ್ಣ ನಾಗರಿಕ ಹಕ್ಕು ಪಡೆದು ಆಗಿನ್ನೂ 45 ವರ್ಷ. ಅವರಿಗೆ ಇದು ಬರಿಯ ತರ್ಕದ ವಿಷಯವಾಗಿರಲಿಲ್ಲ.

1875ರ ಜನವರಿಯಲ್ಲಿ ಬಂದ ನ್ಯೂಮನ್‌ರ ಉತ್ತರ, ನಾರ್ಫಕ್‌ನ ಡ್ಯೂಕ್‌ಗೆ ಬರೆದ ಪತ್ರದ ರೂಪದಲ್ಲಿತ್ತು. ಪೋಪರ ಮಾತು ಎಲ್ಲಿ ಬಂಧಿಸುತ್ತದೆ, ಎಲ್ಲಿ ಬಂಧಿಸುವುದಿಲ್ಲ ಎಂಬುದನ್ನು ಅವರು ಕಾನೂನು ಓದುವವರಂತೆ ಬಿಡಿಸಿಟ್ಟರು. ಮಹಾಸಭೆಯ ನಿರ್ಣಯಕ್ಕೂ ವ್ಯಾಖ್ಯಾನ ಬೇಕು, ಆ ಕೆಲಸವನ್ನು ದೈವಶಾಸ್ತ್ರಜ್ಞರು ಕಾಲಕ್ರಮದಲ್ಲಿ ಮಾಡುತ್ತಾರೆ ಎಂದರು. ಮನಸ್ಸಾಕ್ಷಿಯನ್ನು ದೇವರ ಪ್ರತಿನಿಧಿಯೆಂದು ಕರೆದರು. ಊಟದ ನಂತರ ಗೌರವಪಾನ ಮಾಡುವಾಗ ಧರ್ಮವನ್ನು ಎಳೆದು ತರಲೇಬೇಕೆಂದರೆ, ಮೊದಲು ಮನಸ್ಸಾಕ್ಷಿಗೆ, ಆಮೇಲೆ ಪೋಪರಿಗೆ ಬಟ್ಟಲೆತ್ತುವೆ ಎಂಬ ಅರ್ಥದ ಅವರ ಮಾತು ಬಹು ಪ್ರಸಿದ್ಧವಾಯಿತು.

ಆದರೆ ಆ ಮಾತನ್ನು ಅರ್ಧ ಓದಿದವರೇ ಹೆಚ್ಚು. ನ್ಯೂಮನ್‌ರ ದೃಷ್ಟಿಯಲ್ಲಿ ಮನಸ್ಸಾಕ್ಷಿ ಎಂದರೆ ಮನಸ್ಸಿಗೆ ಬಂದದ್ದಲ್ಲ. ಇಷ್ಟವಿಲ್ಲದ ಆಜ್ಞೆಯಿಂದ ನುಣುಚಿಕೊಳ್ಳಲು ಹೂಡುವ ನೆಪವೂ ಅಲ್ಲ. ಅದು ಒಳಗಿನಿಂದ ಕೇಳುವ ದೇವರ ಆಜ್ಞೆ, ಅದಕ್ಕೆ ಕಿವಿಗೊಡಲು ಪ್ರಾರ್ಥನೆ, ಅಧ್ಯಯನ, ಆತ್ಮಪರೀಕ್ಷೆ ಬೇಕು. ಪೋಪರ ಆಜ್ಞೆಯನ್ನು ಮೀರುವವನು ತನ್ನ ಪಕ್ಷವೇ ಸರಿಯೆಂಬುದಕ್ಕೆ ಗಂಭೀರ ಕಾರಣಗಳನ್ನು ಕೊಡಬೇಕು. ಸಂದೇಹವಿದ್ದಲ್ಲಿ ವಿಧೇಯತೆಯೇ ಮೊದಲ ನಡೆ. ಇಷ್ಟಾದ ಮೇಲೂ ಮನಸ್ಸಾಕ್ಷಿ ಒಪ್ಪದಿದ್ದರೆ ಅದನ್ನು ತುಳಿದು ನಡೆಯುವುದು ಪಾಪ.

ಅದೇ ವರ್ಷ ಜರ್ಮನಿಯ ಬಿಷಪ್‌ಗಳೂ ಇಂಥದೇ ವಿವರಣೆ ಕೊಡಬೇಕಾಯಿತು. ಬಿಷಪ್‌ಗಳು ಇನ್ನು ಪೋಪರ ಕೈಗೊಂಬೆಗಳು ಮಾತ್ರ ಎಂದು ಬಿಸ್ಮಾರ್ಕ್ ವಾದಿಸಿದ್ದರು. ಪೋಪರು ನಿರಂಕುಶ ದೊರೆಯಲ್ಲ, ಧರ್ಮಗ್ರಂಥಕ್ಕೂ ಪರಂಪರೆಗೂ ಹಿಂದಿನ ತೀರ್ಪುಗಳಿಗೂ ಅವರು ಬದ್ಧರು ಎಂದು ಬಿಷಪ್‌ಗಳು ಉತ್ತರಿಸಿದರು. ‘ಪರಂಪರೆ ಎಂದರೆ ನಾನೇ’ ಎಂದಿದ್ದರೆನ್ನಲಾದ ಒಂಬತ್ತನೇ ಪಯಸ್ ಅವರೇ ಈ ವಿವರಣೆಯನ್ನು ಮೆಚ್ಚಿ ಅನುಮೋದಿಸಿದರು.

ಇದೇ ಕಾಲದಲ್ಲಿ ಅಧಿಕಾರದ ಜಗಳದ ಒಂದು ಅಲೆ ಕೇರಳವನ್ನೂ ಮುಟ್ಟಿತು. ಮಹಾಸಭೆಯಲ್ಲಿ ನಿರ್ಣಯವನ್ನು ವಿರೋಧಿಸಿದವರಲ್ಲಿ ಇಂದಿನ ಇರಾಕ್‌ನ ಕಾಲ್ಡಿಯನ್ ಕ್ಯಾಥೊಲಿಕರ ಕುಲಗುರು ಜೋಸೆಫ್ ಔದೋ ಒಬ್ಬರು. 1872ರಲ್ಲಿ ಅವರು ನಿರ್ಣಯವನ್ನು ಒಪ್ಪಿದರೂ, ಮಲಬಾರಿನ ಸಿರಿಯನ್ ಕ್ರೈಸ್ತರ ಮೇಲೆ ತಮಗೆ ಹಕ್ಕಿದೆಯೆಂಬ ಪಟ್ಟನ್ನು ಬಿಡಲಿಲ್ಲ. ರೋಮಿನ ಸಮ್ಮತಿಯಿಲ್ಲದೆ 1874ರಲ್ಲಿ ಮೆಲ್ಲುಸ್ ಎಂಬ ಬಿಷಪ್ಪರನ್ನು ಅಲ್ಲಿಗೆ ಕಳಿಸಿದರು. ಔದೋ ಕೊನೆಗೆ ರೋಮಿಗೆ ಮಣಿದರು. ಆದರೆ ಮೆಲ್ಲುಸ್ ಅವರನ್ನು ನಂಬಿದ ತ್ರಿಶೂರಿನ ಒಂದು ಗುಂಪು ಹಿಂತಿರುಗಲಿಲ್ಲ. ಅಲ್ಲಿನ ಕಾಲ್ಡಿಯನ್ ಸಿರಿಯನ್ ಸಭೆ ಇಂದಿಗೂ ರೋಮಿನಿಂದ ಪ್ರತ್ಯೇಕವಾಗಿದೆ.

ಮನೆಯೊಳಗೆ ಬಂದ ಪ್ರಶ್ನೆ

ನೂರು ವರ್ಷಗಳ ಕಾಲ ಇದು ಹೆಚ್ಚಾಗಿ ವಿದ್ವಾಂಸರ ಚರ್ಚೆಯಾಗಿತ್ತು. 1968ರಲ್ಲಿ ಅದು ಸಾಮಾನ್ಯ ಸಂಸಾರಗಳ ಒಳಮನೆಗೆ ಬಂತು. ಆ ಹೊತ್ತಿಗೆ ಎರಡನೇ ವ್ಯಾಟಿಕನ್ ಮಹಾಸಭೆ (1962-65) ಮುಗಿದಿತ್ತು. ಪೋಪರೊಂದಿಗೆ ಬಿಷಪ್‌ಗಳಿಗೂ ಸಾಮೂಹಿಕ ಹೊಣೆಯಿದೆಯೆಂದು ಅದು ಹೇಳಿತ್ತು. ಮನಸ್ಸಾಕ್ಷಿಯ ಘನತೆಯನ್ನು ಎತ್ತಿಹಿಡಿದಿತ್ತು. 1864ರ ಪಟ್ಟಿ ಶಂಕೆಯಿಂದ ಕಂಡಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಮನುಷ್ಯನ ಹಕ್ಕೆಂದು 1965ರಲ್ಲಿ ಸಾರಿತ್ತು. ಪೋಪರ ಬೋಧನೆ ಪ್ರಮಾದಾತೀತವಲ್ಲದಿದ್ದರೂ ಭಕ್ತರು ಅದಕ್ಕೆ ಬುದ್ಧಿ ಮತ್ತು ಮನಸ್ಸುಗಳ ವಿಧೇಯತೆ ತೋರಬೇಕೆಂಬುದನ್ನೂ ಅದು ಹೇಳಿತ್ತು. ಇಬ್ಬದಿಯ ಕತ್ತರಿ ಅಲ್ಲೇ ಇತ್ತು.

ಸಂತಾನ ನಿಯಂತ್ರಣದ ಮಾತ್ರೆಗಳು ಬಂದ ಮೇಲೆ, ಅವುಗಳ ಬಳಕೆಯ ಬಗ್ಗೆ ವಿಚಾರಿಸಲು ಇಪ್ಪತ್ತಮೂರನೇ ಜಾನ್ 1963ರಲ್ಲಿ ಒಂದು ಆಯೋಗ ನೇಮಿಸಿದ್ದರು. ಆರನೇ ಪೌಲ್ ಅದನ್ನು ವಿಸ್ತರಿಸಿ ವಿವಾಹಿತ ದಂಪತಿಗಳನ್ನೂ ಸೇರಿಸಿದರು. ಬೋಧನೆಯನ್ನು ಬದಲಿಸಬಹುದೆಂಬುದು 1966ರಲ್ಲಿ ಆಯೋಗದ ಬಹುಮತವಾಗಿತ್ತು. ಪೌಲ್ ಎರಡು ವರ್ಷ ಯೋಚಿಸಿ ಬಹುಮತವನ್ನು ಒಪ್ಪದೆ, ಕೃತಕ ವಿಧಾನಗಳು ಸಲ್ಲವೆಂದು 1968ರ ಜುಲೈನಲ್ಲಿ ‘ಹ್ಯೂಮಾನೆ ವೀಟೆ’ ಎಂಬ ವಿಶ್ವಪತ್ರ ಹೊರಡಿಸಿದರು. ಹಿಂದಿನ ಪೋಪರು ಹೇಳಿದ್ದನ್ನು ತಾನು ಅಳಿಸಲಾಗದು ಎಂಬ ಭಾವ ಅವರ ತೀರ್ಮಾನದಲ್ಲಿ ಬಲವಾಗಿತ್ತು.

ಪತ್ರವನ್ನು ಬಿಡುಗಡೆ ಮಾಡಿದ ವ್ಯಾಟಿಕನ್ ವಕ್ತಾರರೇ ಇದು ಪ್ರಮಾದಾತೀತ ಘೋಷಣೆಯಲ್ಲವೆಂದು ಪತ್ರಕರ್ತರಿಗೆ ತಿಳಿಸಿದರು. ಮರುದಿನವೇ ಅಮೆರಿಕದ ಚಾರ್ಲ್ಸ್ ಕರ್ರನ್ ಮತ್ತು ಇತರ ದೈವಶಾಸ್ತ್ರಜ್ಞರು, ದಂಪತಿಗಳು ತಮ್ಮ ಮನಸ್ಸಾಕ್ಷಿಯಂತೆ ಹೊಣೆಯಿಂದ ನಿರ್ಧರಿಸಬಹುದೆಂದು ಹೇಳಿಕೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಕೆನಡಾದ ಬಿಷಪ್‌ಗಳು ವಿನ್ನಿಪೆಗ್‌ನಲ್ಲಿ ಸೇರಿ, ಪ್ರಾಮಾಣಿಕವಾಗಿ ಯತ್ನಿಸಿಯೂ ಪಾಲಿಸಲಾಗದವರು ಸರಿಯೆಂದು ಕಂಡ ದಾರಿಯಲ್ಲಿ ನಡೆದರೆ ಅದು ಒಳ್ಳೆಯ ಮನಸ್ಸಾಕ್ಷಿಯ ನಡೆಯೇ ಎಂದರು. ಇನ್ನೊಂದೆಡೆ, ವಾಷಿಂಗ್ಟನ್ನಿನ ಆರ್ಚ್‌ಬಿಷಪ್ ವಿರೋಧ ಸೂಚಿಸಿದ ಪಾದ್ರಿಗಳ ಮೇಲೆ ಕ್ರಮ ಕೈಗೊಂಡರು. ಆರನೇ ಪೌಲ್ ಆಮೇಲೆ ಹತ್ತು ವರ್ಷ ಬದುಕಿದ್ದರೂ ಮತ್ತೊಂದು ವಿಶ್ವಪತ್ರ ಬರೆಯಲಿಲ್ಲ. ಪ್ರಮಾದಾತೀತತೆಯ ಸಿದ್ಧಾಂತವನ್ನೇ ಪ್ರಶ್ನಿಸಿ 1970ರಲ್ಲಿ ಪುಸ್ತಕ ಬರೆದ ಸ್ವಿಸ್ ವಿದ್ವಾಂಸ ಹಾನ್ಸ್ ಕ್ಯುಂಗ್ 1979ರಲ್ಲಿ, ಕರ್ರನ್ 1986ರಲ್ಲಿ ಕ್ಯಾಥೊಲಿಕ್ ದೈವಶಾಸ್ತ್ರ ಕಲಿಸುವ ಅನುಮತಿ ಕಳೆದುಕೊಂಡರು.

ಪೋಪರನ್ನು ಪ್ರಶ್ನಿಸುವವರೆಲ್ಲ ಹೊಸತನದ ಕಡೆಯವರೆಂದು ತಿಳಿಯುವುದು ತಪ್ಪು. ಎರಡನೇ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳೇ ಪರಂಪರೆಗೆ ದ್ರೋಹವೆಂದು ನಂಬಿದ ಫ್ರೆಂಚ್ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್, ಎರಡನೇ ಜಾನ್ ಪಾಲ್‌ರ ಆಜ್ಞೆ ಮೀರಿ 1988ರ ಜೂನ್ 30ರಂದು ನಾಲ್ವರು ಬಿಷಪ್‌ಗಳಿಗೆ ದೀಕ್ಷೆ ಕೊಟ್ಟು ಬಹಿಷ್ಕಾರಕ್ಕೆ ಗುರಿಯಾದರು. ವಿಚ್ಛೇದನದ ನಂತರ ಮರುಮದುವೆಯಾದವರ ಬಗ್ಗೆ ಪೋಪ್ ಫ್ರಾನ್ಸಿಸ್ 2016ರಲ್ಲಿ ಮೃದು ಧೋರಣೆ ತಾಳಿದಾಗ, ನಾಲ್ವರು ಕಾರ್ಡಿನಲ್‌ಗಳು ತಮ್ಮ ಸಂದೇಹಗಳನ್ನು ಬರೆದು ಪ್ರಕಟಿಸಿದರು. ಧರ್ಮಗುರುಗಳ ಕೆಲಸ ಜನರ ಮನಸ್ಸಾಕ್ಷಿಯನ್ನು ರೂಪಿಸುವುದು, ಅದರ ಜಾಗದಲ್ಲಿ ತಾವು ಕೂರುವುದಲ್ಲ ಎಂಬುದು ಫ್ರಾನ್ಸಿಸ್‌ರ ನಿಲುವು. ಮನಸ್ಸಾಕ್ಷಿ ಸತ್ಯವನ್ನು ತಾನೇ ಸೃಷ್ಟಿಸುವುದಿಲ್ಲ, ಅದಕ್ಕೆ ಬದ್ಧವಾಗಿರುತ್ತದೆ ಎಂದು 1993ರಲ್ಲಿ ಜಾನ್ ಪಾಲ್ ಎಚ್ಚರಿಸಿದ್ದರು. ಎರಡು ಮಾತಿಗೂ ನ್ಯೂಮನ್‌ರಲ್ಲಿ ಆಧಾರ ಸಿಗುತ್ತದೆ. ಅವರನ್ನು ಎರಡೂ ಕಡೆಯವರು ಉದ್ಧರಿಸುವುದು ಇದೇ ಕಾರಣಕ್ಕೆ.

ಮಹಾಸಭೆ ಮುಗಿದ ಹೊಸದರಲ್ಲಿ, ನೊಂದ ಮಿತ್ರರೊಬ್ಬರಿಗೆ ನ್ಯೂಮನ್ ತಾಳ್ಮೆಯ ಸಲಹೆ ಕೊಟ್ಟಿದ್ದರು. ಓರೆಯಾದ ದೋಣಿಯನ್ನು ಮುಂದಿನ ಪೋಪ್ ಮತ್ತು ಮುಂದಿನ ಮಹಾಸಭೆ ಸರಿತೂಗಿಸಬಹುದು ಎಂಬುದು ಅವರ ಆಶಯವಾಗಿತ್ತು. ಅದು ನಿಜವಾಗಲು 90ಕ್ಕೂ ಹೆಚ್ಚು ವರ್ಷ ಬೇಕಾಯಿತು. 1879ರಲ್ಲಿ ಹದಿಮೂರನೇ ಲಿಯೋ ಅವರನ್ನು ಕಾರ್ಡಿನಲ್ ಮಾಡಿದಾಗ ಹಳೆಯ ಶಂಕೆಗಳಿಗೆ ತೆರೆಬಿತ್ತು. 2019ರ ಅಕ್ಟೋಬರ್ 13ರಂದು, ಕೇರಳದ ಮರಿಯಂ ತ್ರೇಸ್ಯಾ ಅವರಿಗೆ ಸಂತ ಪದವಿ ದೊರೆತ ಸಮಾರಂಭದಲ್ಲೇ ನ್ಯೂಮನ್‌ರೂ ಸಂತರೆಂದು ಘೋಷಿತರಾದರು. 2025ರ ನವೆಂಬರ್ 1ರಂದು ಹದಿನಾಲ್ಕನೇ ಲಿಯೋ ಅವರಿಗೆ ‘ಧರ್ಮಸಭೆಯ ಆಚಾರ್ಯ’ ಎಂಬ ಅಪರೂಪದ ಗೌರವವನ್ನೂ ಕೊಟ್ಟರು. ಮನಸ್ಸಾಕ್ಷಿಗೆ ಮೊದಲು ಬಟ್ಟಲೆತ್ತುವೆ ಎಂದವರನ್ನು ಪೋಪರೇ ಗುರುವೆಂದು ಸಾರಿದಂತಾಯಿತು.

ಡೊಲಿಂಗ‌ರ್ ಮೇಲಿನ ಬಹಿಷ್ಕಾರ ಮಾತ್ರ ಅವರ ಜೀವಿತಕಾಲದಲ್ಲಿ ತೆರವಾಗಲಿಲ್ಲ. ತಾಳ್ಮೆಯಿಂದ ಕಾದು ಗೆದ್ದವರ ಕಥೆಯನ್ನು ಹೇಳುವಾಗ, ಕಾಯಲಾರದೆ ಕಳೆದುಕೊಂಡವರನ್ನು ಮರೆಯುವುದು ಸುಲಭ. ಆದರೆ ಪೋಪರ ಅಧಿಕಾರದ ಮಿತಿಗಳನ್ನು ಅಷ್ಟು ಎಚ್ಚರದಿಂದ ಬಿಡಿಸಿ ಹೇಳುವ ಒತ್ತಾಯ ಹುಟ್ಟಿದ್ದು ಅವರಂಥವರು ಕೇಳಿದ ಪ್ರಶ್ನೆಗಳಿಂದಲೇ.